ನೋವಿನ ಔಷಧಿ ಕೊಟ್ಟ ಮೇಲೆ ರೋಗಿಯನ್ನು ಮತ್ತೆ ಯಾವಾಗ ನೋಡಬೇಕು?

ಪ್ರಶ್ನೆ: ನಾನು ಸರ್ಜರಿ ವಾರ್ಡ್‌ನಲ್ಲಿ ಸ್ಟಾಫ್ ನರ್ಸ್. ನೋವಿಗೆ ಔಷಧಿ ಕೊಟ್ಟು ಒಂದು ಗಂಟೆಗೆ ಮತ್ತೆ ಸ್ಕೋರ್ (ನೋವು ಎಷ್ಟಿದೆ ಎಂದು 0ರಿಂದ 10ರೊಳಗೆ ಕೊಡುವ ಅಂಕಿ) ಬರೆಯಬೇಕೆಂದು ನಮ್ಮಲ್ಲಿ ನಿಯಮವಿದೆ. ಇಂಜೆಕ್ಷನ್‌ಗೂ ಮಾತ್ರೆಗೂ ಅದೇ ಲೆಕ್ಕವೇ? ಅಷ್ಟರಲ್ಲಿ ರೋಗಿ ನಿದ್ದೆ ಹೋಗಿದ್ದರೆ ಎಬ್ಬಿಸಬೇಕೆ?

ಉತ್ತರ: ಮಾತ್ರೆಗೆ ಒಂದು ಗಂಟೆ ಸರಿ. ಐವಿ, ಅಂದರೆ ನೇರ ರಕ್ತನಾಳಕ್ಕೆ, ಕೊಟ್ಟಿದ್ದರೆ ಅದು ತೀರಾ ತಡ. ಔಷಧಿ ಹೆಚ್ಚು ಕೆಲಸ ಮಾಡುವ ಹೊತ್ತಿಗೇ ನೀವು ಹಾಸಿಗೆಯ ಬಳಿ ಇರಬೇಕು, ಏಕೆಂದರೆ ಅದರ ಅಪಾಯ ಹೆಚ್ಚುವುದೂ ಆಗಲೇ. ಐವಿ ಮಾರ್ಫಿನ್ 5–10 ನಿಮಿಷದಲ್ಲಿ ಶುರುವಾಗಿ ಸುಮಾರು 20 ನಿಮಿಷಕ್ಕೆ ಗರಿಷ್ಠ ಮಟ್ಟ ತಲುಪುತ್ತದೆ. ಹಾಗಾಗಿ 15ರಿಂದ 30 ನಿಮಿಷದೊಳಗೆ ಹೋಗಿ. ಐವಿ ಫೆಂಟನಿಲ್ ಆದರೆ ಐದೇ ನಿಮಿಷ. ಚರ್ಮದಡಿ ಅಥವಾ ಸ್ನಾಯುವಿಗೆ ಚುಚ್ಚಿದ್ದಕ್ಕೆ ಅರ್ಧ ಗಂಟೆ. ಫೆಂಟನಿಲ್ ಪ್ಯಾಚ್ ಹಿಡಿಯಲು 12–24 ಗಂಟೆ ಬೇಕು. ಅಂಟಿಸಿ ಒಂದು ಗಂಟೆಗೆ ‘ಕಡಿಮೆಯಾಗಿಲ್ಲ’ ಎಂದು ಬರೆದು ಏನೂ ಪ್ರಯೋಜನವಿಲ್ಲ.

ನಿದ್ದೆಯ ವಿಷಯ. ಪ್ಯಾರಾಸಿಟಮಾಲ್ ಮಾತ್ರ ಕೊಟ್ಟಿದ್ದು, ಬೇರೆಲ್ಲ ಸರಿಯಿದ್ದರೆ ಮಲಗಲು ಬಿಡಿ. ಚಾರ್ಟ್‌ನಲ್ಲಿ ‘ನಿದ್ದೆ’ ಎಂದು ಬರೆಯಿರಿ, ಸ್ಕೋರ್ 0 ಎಂದಲ್ಲ. ನೋವಿನಲ್ಲೇ ಸುಸ್ತಾಗಿ ನಿದ್ದೆ ಹೋಗುವವರೂ ಇರುತ್ತಾರೆ. ಒಪಿಯಾಯ್ಡ್ (ಮಾರ್ಫಿನ್, ಫೆಂಟನಿಲ್‌ನಂಥ, ಉಸಿರಾಟವನ್ನು ಕುಗ್ಗಿಸಬಲ್ಲ ನೋವಿನ ಔಷಧಿ) ಕೊಟ್ಟಿದ್ದರೆ ಮಾತ್ರ ಎಬ್ಬಿಸಲೇಬೇಕು. ಮುಟ್ಟುವ ಮುಂಚೆ ಎದೆಯ ಏರಿಳಿತ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ನಡುನಡುವೆ ನಿಂತು ಹೋಗುವ ಉಸಿರು ಗೊತ್ತೇ ಆಗುವುದಿಲ್ಲ. ಆಮೇಲೆ ಹೆಸರು ಹಿಡಿದು ಕರೆಯಿರಿ. ಮಾತಾಡುತ್ತಲೇ ಮತ್ತೆ ತೂಕಡಿಸಿದರೆ, ಅಥವಾ ಉಸಿರು ನಿಮಿಷಕ್ಕೆ 10ಕ್ಕಿಂತ ಕಡಿಮೆಯಿದ್ದರೆ, ಮುಂದಿನ ಡೋಸ್ ತಡೆಹಿಡಿದು ಡಾಕ್ಟರನ್ನು ಕರೆಸಿ, ಒಪಿಯಾಯ್ಡ್‌ನ ಪರಿಣಾಮ ಇಳಿಸುವ ನಲಾಕ್ಸೋನ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಆಕ್ಸಿಜನ್ ಹಾಕಿರುವ ರೋಗಿಯ ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ) ಶೇ. 97 ಇದೆಯೆಂದು ಸಮಾಧಾನ ಪಡಬೇಡಿ. ಉಸಿರಾಟ ಕುಗ್ಗಿದ್ದರೂ ಆ ಅಂಕಿ ಬಹಳ ಹೊತ್ತು ಚೆನ್ನಾಗಿಯೇ ಕಾಣುತ್ತದೆ.

ಎಚ್ಚರವಿದ್ದವರನ್ನು ‘ನೋವು ಹೇಗಿದೆ’ ಎಂದು ಕೇಳಿದರೆ ‘ಪರವಾಗಿಲ್ಲ ಸಿಸ್ಟರ್’ ಅನ್ನುತ್ತಾರೆ. ಅದು ಸ್ಕೋರ್ ಅಲ್ಲ. ಹೊಟ್ಟೆಯ ಆಪರೇಷನ್ ಆದವರಿಗೆ ಒಮ್ಮೆ ಆಳವಾಗಿ ಉಸಿರೆಳೆದು ಕೆಮ್ಮಲು ಹೇಳಿ, ಆಗ ಸಂಖ್ಯೆ ಕೇಳಿ. ಸುಮ್ಮನೆ ಮಲಗಿದ್ದಾಗ 2 ಇದ್ದದ್ದು ಕೆಮ್ಮಿದಾಗ 7 ಆದರೆ ಔಷಧಿ ಸಾಲದು, ಕಫ ಕಟ್ಟಿಕೊಳ್ಳುತ್ತದೆ. ಎರಡನ್ನೂ ಬರೆಯಿರಿ. ಮಾತು ಬಾರದ ಮಗುವಿಗೆ ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನಕ್ಕೆ ಬಗ್ಗುವಿಕೆ ನೋಡಿ ತಲಾ 0–2 ಕೊಡುವ ಫ್ಲಾಕ್ ಸ್ಕೇಲ್ ಇದೆ. ಔಷಧಿಗೆ ಮುಂಚೆ ಯಾವ ಸ್ಕೇಲ್ ಬಳಸಿದ್ದಿರೋ ಆಮೇಲೂ ಅದೇ ಇರಲಿ.

ಸ್ಕೋರ್ ಇಳಿಯದಿದ್ದರೆ ತಕ್ಷಣ ಇನ್ನೊಂದು ಡೋಸ್ ಕೇಳುವ ಮುಂಚೆ ಕ್ಯಾನುಲಾ (ರಕ್ತನಾಳಕ್ಕೆ ಔಷಧಿ ಹೋಗುವ ಸಣ್ಣ ಕೊಳವೆ) ಹಾಕಿದ ಕೈ ನೋಡಿ. ಊದಿ ತಣ್ಣಗಿದ್ದರೆ ಔಷಧಿ ರಕ್ತನಾಳಕ್ಕೆ ಹೋಗಿಯೇ ಇಲ್ಲ. ಮೂತ್ರದ ಕೊಳವೆ (ಕ್ಯಾಥೆಟರ್) ಮಡಚಿ ಮೂತ್ರ ಕಟ್ಟಿದೆಯೇ ನೋಡಿ. ಪ್ಲಾಸ್ಟರ್ ಹಾಕಿದ ಕಾಲಿನಲ್ಲಿ ಔಷಧಿಗೂ ಬಗ್ಗದ ನೋವಿದ್ದು, ನೀವು ಬೆರಳು ಮಡಚಿ ಬಿಡಿಸಿದಾಗ ರೋಗಿ ಕಿರುಚಿದರೆ, ಅದು ಕಂಪಾರ್ಟ್‌ಮೆಂಟ್ ಸಿಂಡ್ರೋಮ್, ಅಂದರೆ ಒಳಗೆ ಒತ್ತಡ ಹೆಚ್ಚಿ ಸ್ನಾಯುಗಳಿಗೆ ರಕ್ತ ಸಾಲದಾಗುವ ಸ್ಥಿತಿ, ಇರಬಹುದು. ಪಾದದ ನಾಡಿ ಸಿಗುತ್ತಿದ್ದರೂ ಕಾಯಬೇಡಿ, ಸರ್ಜನ್‌ಗೆ ಆಗಲೇ ಫೋನ್ ಮಾಡಿ.