ಶುಕ್ರವಾರ ಯಾರದು?

ಇಂಗ್ಲೆಂಡಿನಲ್ಲಿ ಆಪ್ತಸಲಹೆಗಾರ್ತಿಯಾಗಿ ಕೆಲಸ ಮಾಡುತ್ತೇನೆ. ಕನ್ನಡದ ಮನೆಯವರು ಬಂದರೆ ಮಾತೆಲ್ಲ ಕನ್ನಡದಲ್ಲೇ. ಈ ಹುಡುಗಿಯ ಒಪ್ಪಿಗೆ ಪಡೆದು, ಗುರುತು ಸಿಗದಷ್ಟು ವಿವರ ಬದಲಿಸಿ ಬರೆದಿದ್ದೇನೆ.

ಅವಳಿಗೆ 20 ವರ್ಷ. ನಮ್ಮ ಪಿಯುಸಿಯಂಥ ಎ ಲೆವೆಲ್ ಮುಗಿಸಿ, ಒಂದು ದೊಡ್ಡ ಬ್ಯಾಂಕಿನ ಟೆಕ್ನಾಲಜಿ ವಿಭಾಗದಲ್ಲಿ ಡಿಗ್ರಿ ಅಪ್ರೆಂಟಿಸ್‌ಶಿಪ್‌ಗೆ ಸೇರಿದ್ದಳು. ಸೋಮವಾರದಿಂದ ಗುರುವಾರ ಬ್ಯಾಂಕಿನ ಕೆಲಸ, ಶುಕ್ರವಾರ ಯೂನಿವರ್ಸಿಟಿ ಓದು. ತಿಂಗಳಿಗೆ ಸಂಬಳ ಬರುತ್ತದೆ, ಫೀಸ್ ಕಟ್ಟಬೇಕಾಗಿಲ್ಲ, ಕೊನೆಗೆ ಡಿಗ್ರಿಯೂ ಕೈಗೆ ಸಿಗುತ್ತದೆ. ಎರಡನೇ ವರ್ಷದ ನಡುವೆ ನನ್ನ ಹತ್ತಿರ ಬಂದವಳು ಕೂತ ತಕ್ಷಣ ಹೇಳಿದ್ದು, "ಆಂಟಿ, ನಾನು ಇದಕ್ಕೆ ಲಾಯಕ್ಕಿಲ್ಲ."

ಡೇಟಾಬೇಸ್ ಅಸೈನ್‌ಮೆಂಟಿನ ಗಡುವನ್ನು ಎರಡು ಸಲ ಮುಂದಕ್ಕೆ ಹಾಕಿಸಿಕೊಂಡಿದ್ದಳು. ಭಾನುವಾರ ರಾತ್ರಿ ಒಂದು ಗಂಟೆವರೆಗೂ ಓದುತ್ತಿದ್ದಳು. ಸೋಮವಾರ ಬೆಳಗ್ಗೆ ತಂಡದವರೆಲ್ಲ ತಮ್ಮ ಕೆಲಸ ಎಲ್ಲಿಗೆ ಬಂತು ಅಂತ ಹೇಳುವ ಸ್ಟ್ಯಾಂಡ್-ಅಪ್ ಮೀಟಿಂಗಿನಲ್ಲಿ ತಾನು ಏನು ಮಾಡುತ್ತಿದ್ದೇನೆ ಅನ್ನುವುದೇ ಬಾಯಿಗೆ ಬರುತ್ತಿರಲಿಲ್ಲ.

ನಾನೂ ಮೊದಲು ದಾರಿ ತಪ್ಪಿದೆ. ಇದು ಆತ್ಮವಿಶ್ವಾಸದ ಕೊರತೆ ಅಂದುಕೊಂಡು ಒಂದಿಡೀ ಭೇಟಿಯನ್ನು ಅದರಲ್ಲೇ ಕಳೆದೆ. ಹೊರಡುವಾಗ ಅವಳು "ಸರಿ ಆಂಟಿ" ಅಂದ ರೀತಿಯಲ್ಲೇ ಗೊತ್ತಾಯಿತು, ನಾನು ಹೇಳಿದ್ದು ಒಂದೂ ನಾಟಿಲ್ಲ ಅಂತ.

ಎರಡನೇ ಸಲ ಬಂದಾಗ ಒಂದು ಹಾಳೆ ಕೊಟ್ಟು, ಹಿಂದಿನ ಆರು ಶುಕ್ರವಾರ ಏನೇನಾಯಿತು ಬರಿ ಅಂದೆ. ಪೆನ್ನು ಕಚ್ಚುತ್ತಾ ಬರೆದಳು. ಒಂದು ಶುಕ್ರವಾರ ಹತ್ತು ಗಂಟೆಗೆ "ಐದೇ ನಿಮಿಷ" ಅಂತ ಬಂದ ಕರೆ ಮುಗಿದದ್ದು 11.20ಕ್ಕೆ. ಇನ್ನೊಂದು ದಿನ, ರಾತ್ರಿ ಕಂಪ್ಯೂಟರಿನಲ್ಲಿ ತಾನಾಗಿ ಓಡಬೇಕಿದ್ದ ಕೆಲಸ, ಅಂದರೆ ಬ್ಯಾಚ್ ಜಾಬ್, ಅರ್ಧಕ್ಕೆ ನಿಂತಿತ್ತು. ಆ ಸ್ಕ್ರಿಪ್ಟ್ ಗೊತ್ತಿದ್ದದ್ದು ಇವಳಿಗೆ ಮಾತ್ರ, ಮಧ್ಯಾಹ್ನದವರೆಗೆ ಅದೇ ಆಯಿತು. ಅದನ್ನು ಬರೆಯುವಾಗ ಮುಖದಲ್ಲಿ ಸಣ್ಣ ಹೆಮ್ಮೆ ಇತ್ತು. ಲಾಯಕ್ಕಿಲ್ಲದವಳಿಗೆ ಅದು ಹೇಗೆ ಬಂತು, ಅಲ್ವಾ? ಆರರಲ್ಲಿ ಪೂರ್ತಿ ಓದಿಗೆ ಉಳಿದದ್ದು ಒಂದೇ ಶುಕ್ರವಾರ. ಅದೂ ಮ್ಯಾನೇಜರ್ ರಜೆಯಲ್ಲಿದ್ದ ವಾರ.

"ಆಗಲ್ಲ ಅನ್ನಲಿಲ್ವಾ?"

"ಹೇಗನ್ನೋದು ಆಂಟಿ? ನನ್ನ ಫೀಸ್ ಕಟ್ತಿರೋದೇ ಅವರು."

ಗಂಟು ಸಿಕ್ಕಿದ್ದು ಇಲ್ಲಿ. ಮನೆಯಲ್ಲೂ ಅಮ್ಮ ಇದೇ ಮಾತನ್ನೇ ಹೇಳುತ್ತಿದ್ದರಂತೆ: "ಅವರ ಅನ್ನದ ಋಣ ಇದೆ ಕಣೇ, ಎದುರಾಡಬೇಡ." ಋಣ ಅಂದುಕೊಂಡಿದ್ದಕ್ಕೇ ಶುಕ್ರವಾರಗಳನ್ನು ಬಡ್ಡಿಯ ಹಾಗೆ ಕಟ್ಟುತ್ತಿದ್ದಳು.

ಸಲಹೆಗಾರರು ಮನಸ್ಸಿನ ಮಾತಷ್ಟೇ ಆಡಬೇಕು, ದುಡ್ಡಿನ ಲೆಕ್ಕಕ್ಕೆ ಹೋಗಬಾರದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇವಳ ತಲೆಯಲ್ಲಿ ಕೂತಿದ್ದೇ ತಪ್ಪು ಲೆಕ್ಕ. ವರ್ಷಕ್ಕೆ 30 ಲಕ್ಷ ಪೌಂಡ್‌ಗಿಂತ ಜಾಸ್ತಿ ಸಂಬಳ ಹಂಚುವ ಕಂಪನಿಗಳು, ಆ 30 ಲಕ್ಷ ದಾಟಿದ ಮೊತ್ತದ ಮೇಲೆ ಶೇ. 0.5ರಷ್ಟು ಅಪ್ರೆಂಟಿಸ್‌ಶಿಪ್ ಲೆವಿ ಅನ್ನುವ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಬೇಕು. 2017ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ದೊಡ್ಡ ಬ್ಯಾಂಕು ಅಂದಮೇಲೆ ಇವಳು ಸೇರಲಿ ಬಿಡಲಿ ಆ ದುಡ್ಡು ಕಟ್ಟಲೇಬೇಕು. ಇವಳ ಫೀಸ್ ಹೋಗುವುದು ಆ ಲೆವಿ ದುಡ್ಡಿನ ಖಾತೆಯಿಂದ. ತರಬೇತಿ ಕೆಲಸದ ವೇಳೆಯಲ್ಲೇ ನಡೆಯಬೇಕು ಅನ್ನುವುದೂ ನಿಯಮ. ನಡುವೆ ಬಿಟ್ಟು ಹೋದರೂ ತರಬೇತಿಯ ಖರ್ಚನ್ನು ಅಪ್ರೆಂಟಿಸ್ ಕೈಯಿಂದ ವಸೂಲಿ ಮಾಡುವಂತಿಲ್ಲ. ಇಷ್ಟು ಹೇಳಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಾಗಾದ್ರೆ ಶುಕ್ರವಾರ ಯಾರದು?" ಅಂದಳು. ಟ್ರೈನಿಂಗ್ ಪ್ಲಾನ್ ತೆಗೆದು ನೋಡು ಅಂದೆ. ಅವಳು, ಬ್ಯಾಂಕು, ಯೂನಿವರ್ಸಿಟಿ ಮೂವರೂ ಸಹಿ ಹಾಕಿದ ಕಾಗದ ಅದು. ಸೇರಿದ ದಿನ ಸಹಿ ಮಾಡಿದವಳು ಮತ್ತೆ ತೆರೆದೇ ಇರಲಿಲ್ಲ.

ಅಪ್ಪನದು ಬೇರೆ ರಾಗ. "ಅಪ್ರೆಂಟಿಸ್ ಅಂದ್ರೆ ಐಟಿಐ ಹುಡುಗರು ಮಾಡೋದಲ್ವಾ? ಬಿಟ್ಟು ನೆಟ್ಟಗೆ ಯೂನಿವರ್ಸಿಟಿ ಸೇರಲಿ" ಅನ್ನುತ್ತಿದ್ದರು. ಇಂಗ್ಲೆಂಡಿನಲ್ಲಿ ಡಿಗ್ರಿ ಅಪ್ರೆಂಟಿಸ್‌ಶಿಪ್ ಶುರುವಾದದ್ದೇ 2015ರಲ್ಲಿ. ಇವಳದು ಲೆವೆಲ್ 6, ಅಂದರೆ ಬೇರೆ ಮಕ್ಕಳು ಮೂರು ವರ್ಷ ಕಾಲೇಜಿಗೆ ಹೋಗಿ ಪಡೆಯುವ ಅದೇ ಮಟ್ಟದ ಡಿಗ್ರಿ. ಬಿಡುವ ಮಾತನ್ನು ನಾನು ತಳ್ಳಿಹಾಕಲಿಲ್ಲ. ಆದರೆ ಒಂದು ಪೂರ್ತಿ ತಿಂಗಳು ಶುಕ್ರವಾರ ಓದಿಗೇ ಸಿಗುವವರೆಗೆ ತೀರ್ಮಾನ ಬೇಡ ಅಂದೆ. ತೀರಾ ಆಗದಿದ್ದರೆ ಅಧಿಕೃತವಾಗಿಯೇ ಕೆಲವು ತಿಂಗಳು ಓದು ನಿಲ್ಲಿಸುವ 'ಬ್ರೇಕ್ ಇನ್ ಲರ್ನಿಂಗ್' ಇದೆ, ಅದನ್ನು ಕೇಳಿ ನೋಡು ಅಂತಲೂ ಹೇಳಿದೆ.

ಮ್ಯಾನೇಜರ್, ಯೂನಿವರ್ಸಿಟಿ ಕೋಚ್, ಅಪ್ರೆಂಟಿಸ್ ಮೂವರೂ ಕೂರುವ ರಿವ್ಯೂ ಹತ್ತಿರವಿತ್ತು. ದೂರು ಹೇಳಲು ಹೋಗಬೇಡ, ಒಂದೇ ಪ್ರಶ್ನೆ ಕೇಳು ಅಂದೆ: ಶುಕ್ರವಾರ ಅರ್ಜೆಂಟ್ ಕೆಲಸ ಬಂದರೆ ಅದರ ಬದಲು ನನಗೆ ಯಾವ ದಿನ ಸಿಗುತ್ತದೆ? ಅಷ್ಟನ್ನು ನನ್ನೆದುರು ಇಂಗ್ಲಿಷಿನಲ್ಲಿ ಹೇಳಿಸಿದೆ. ಮೊದಲ ಪ್ರಯತ್ನದಲ್ಲಿ ನಾಲ್ಕು ಸಾರಿ 'ಸಾರಿ' ಬಂತು. ಇಬ್ಬರೂ ನಕ್ಕೆವು. ಐದನೇ ಪ್ರಯತ್ನಕ್ಕೆ ಒಂದಕ್ಕೆ ಇಳಿಯಿತು, ಅದಿರಲಿ ಬಿಟ್ಟೆ.

ಇನ್ನೊಂದು ಕೆಲಸವನ್ನೂ ಕೊಟ್ಟೆ. ಕಲಿತದ್ದನ್ನು ಕೆಲಸದಲ್ಲಿ ಎಲ್ಲಿ ಬಳಸಿದೆ ಅಂತ ತೋರಿಸುವ ಪೋರ್ಟ್‌ಫೋಲಿಯೋ ಖಾಲಿ ಬಿದ್ದಿತ್ತು. ಆ ಬ್ಯಾಚ್ ಜಾಬ್ ಯಾಕೆ ನಿಂತಿತು, ಏನು ಹುಡುಕಿದೆ, ಹೇಗೆ ಸರಿ ಮಾಡಿದೆ, ಎರಡು ಪುಟ ಬರಿ ಅಂದೆ. "ಅದೂ ಲೆಕ್ಕಕ್ಕೆ ಬರುತ್ತಾ?" ಅಂತ ಕಣ್ಣರಳಿಸಿದಳು. ಬಾರದೆ ಏನು!

ರಿವ್ಯೂನಲ್ಲಿ ಜಗಳ ಏನೂ ಆಗಲಿಲ್ಲ. ಶುಕ್ರವಾರ ಓದು ಅಂದರೆ 'ಬಿಡುವಿದ್ದರೆ ಓದಿಕೊಳ್ಳುವುದು' ಅಂತ ಮ್ಯಾನೇಜರ್ ತಿಳಿದಿದ್ದರಂತೆ. ಇವಳು ಯಾವತ್ತೂ ಬೇರೆ ಹೇಳಿರಲಿಲ್ಲವಲ್ಲ. ಆಮೇಲೂ ಒಂದು ರಿಲೀಸ್ ಕೆಲಸಕ್ಕೆ ಶುಕ್ರವಾರ ಹೋಯಿತು, ಬದಲಿಗೆ ಮಂಗಳವಾರ ಸಿಕ್ಕಿತು. ಅಸೈನ್‌ಮೆಂಟಿಗೆ 52 ಬಂದಿದೆ, ಪಾಸಾಗಲು 40 ಸಾಕಿತ್ತು.

ಅಪ್ಪನಿಗೆ ಇನ್ನೂ ಸಮಾಧಾನವಿಲ್ಲ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬಾ ಅಂದೆ. ಡೈರಿ ನೋಡಿ, ಶುಕ್ರವಾರ ಮಧ್ಯಾಹ್ನ ಆಗುತ್ತಾ ಅಂತ ಕೇಳಿದೆ.

"ಶುಕ್ರವಾರ ಬೇಡ ಆಂಟಿ. ನಂಗೆ ಕೆಲಸ ಇದೆ."