ಕ್ರಯಪತ್ರದ ಆ ಒಂದು ಸಾಲು

ಇಬ್ಬರು ಗೆಳತಿಯರು ಜೊತೆಯಾಗಿ ಆಪ್ತಸಲಹೆಗೆ ಬರುವುದು ಕಮ್ಮಿ. ಗಂಡ ಹೆಂಡತಿ ಬರುತ್ತಾರೆ, ತಾಯಿ ಮಗಳು ಬರುತ್ತಾರೆ. ಆದರೆ ನಾನು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಈ ಕೆಲಸ ಶುರು ಮಾಡಿದ ಮೇಲೆ, ಒಬ್ಬರು ಕಪ್ಪು, ಒಬ್ಬರು ಬಿಳಿ, ಹೀಗೆ ಬಂದ ಸ್ನೇಹಿತರಲ್ಲಿ ಇವರು ಮೂರನೇ ಜೋಡಿ. ಮೂರೂ ಸಲ ಮಾತು ಒಂದೇ ಕಡೆ ಸಿಕ್ಕಿಹಾಕಿಕೊಂಡಿತು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.

ರೂತ್ ಕಪ್ಪು, ಕ್ಯಾರಲ್ ಬಿಳಿ. ಒಂದೇ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿ ನಿವೃತ್ತರಾದವರು. ತಾಯಿ ತೀರಿಕೊಂಡ ಮೇಲೆ ಕ್ಯಾರಲ್ ಮನೆ ಮಾರಲು ಹೊರಟರು. ಹಳೆಯ ಕ್ರಯಪತ್ರದಲ್ಲಿ ಒಂದು ಷರತ್ತು ಕಣ್ಣಿಗೆ ಬಿತ್ತು. ಈ ಮನೆಯನ್ನು ಕಪ್ಪು ಜನರಿಗೆ ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಕ್ಯಾರಲ್ ಗಾಬರಿಯಾಗಿ ಅದರ ಫೋಟೊ ತೆಗೆದು ರೂತ್‌ಗೆ ಕಳಿಸಿದರು. "ನಂಬೋಕಾಗುತ್ತಾ ಇದನ್ನ?" ಎಂದು ಬರೆದರು. ರೂತ್ ಉತ್ತರ ಕೊಡಲಿಲ್ಲ. ಹಾಗೇ ಮೂರು ತಿಂಗಳಾಯಿತು.

ರೂತ್‌ಗೆ ಅದರಲ್ಲಿ ನಂಬಲಾಗದ್ದು ಏನೂ ಇರಲಿಲ್ಲ. ಈ ಊರಿನ ಕಪ್ಪು ಜನರಿಗೆ ಇದು ಮನೆಮಾತು. 1945ರಲ್ಲಿ ಶೆಲ್ಲಿ ಎಂಬ ಕಪ್ಪು ಕುಟುಂಬ ಇಲ್ಲಿನ ಲಬಡಿ ಅವೆನ್ಯೂದಲ್ಲಿ ಮನೆ ಕೊಂಡಾಗ, ಇಂಥದ್ದೇ ಷರತ್ತು ತೋರಿಸಿ ಅವರನ್ನು ಹೊರಗೆ ಹಾಕಿಸಲು ಕೇಸು ಹಾಕಿದರು. ಅದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು 1948ರಲ್ಲಿ ತೀರ್ಪು ಬಂತು. ಆದರೂ ಮನೆ ಮಾರುವಾಗ ಬಣ್ಣ ನೋಡುವುದು ದೇಶದ ಕಾನೂನಿಗೆ ವಿರುದ್ಧ ಎನಿಸಲು 1968ರವರೆಗೆ ಕಾಯಬೇಕಾಯಿತು.

ಎರಡನೇ ಭೇಟಿಯ ದಿನ ಕ್ಯಾರಲ್ ಆ ಕಾಗದದ ಪ್ರತಿಯನ್ನು ಜೊತೆಗೇ ತಂದಿದ್ದರು. ಮಾತು ಶುರು ಮಾಡಿದವರೂ ಅವರೇ. "ನಾನು ಆಗ ಹುಟ್ಟೇ ಇರಲಿಲ್ಲ. ನಮ್ಮಪ್ಪ ಅಂಥವರಲ್ಲ. ನಿನ್ನ ಬಣ್ಣ ಯಾವತ್ತಾದರೂ ನೋಡಿದ್ದೀನಾ ನಾನು? ನನ್ನ ಜೊತೆ ಮಾತು ಬಿಡುವಂಥದ್ದು ಏನು ಮಾಡಿದೆ?" ಎಂದು ಅತ್ತರು. ನಾನು ಟಿಶ್ಯೂ ಡಬ್ಬವನ್ನು ಅವರ ಕಡೆ ಸರಿಸಿದೆ. ರೂತ್ ಕಡೆ ತಿರುಗಿ, "ಅವರಿಗೆ ತುಂಬಾ ನೋವಾಗಿದೆ, ಅಲ್ವಾ?" ಎಂದೆ.

ರೂತ್ ನನ್ನನ್ನೇ ನೋಡಿದರು. "ನೀವೂ ಆ ಕಡೆಗೇ ಹೋದಿರಿ. ಇಲ್ಲಿಗೆ ಬಂದು ಅರ್ಧ ಗಂಟೆಯಾಯಿತು, ನಾನಿನ್ನೂ ಬಾಯಿ ತೆರೆದಿಲ್ಲ."

ಅದು ನನ್ನ ತಪ್ಪು. ಅಳುವವರ ಕಡೆ ಕೈ ಚಾಚುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಅಳದೆ ಕೂತವರು ಎಷ್ಟು ವರ್ಷದಿಂದ ಹಾಗೆ ಕೂತಿದ್ದಾರೆ ಎಂದು ಯೋಚಿಸುವುದಿಲ್ಲ. ಹಿಂದಿನ ಎರಡು ಜೋಡಿಗಳಲ್ಲೂ ಹೀಗೇ ಆಗಿತ್ತು. ಕಪ್ಪು ಸ್ನೇಹಿತರು ತಮ್ಮ ನೋವಿನ ಮಾತು ಎತ್ತಿದರೆ ಸಾಕು, ಬಿಳಿ ಸ್ನೇಹಿತರ ನೋವು ಮುಂದೆ ಬರುತ್ತದೆ. ಆಮೇಲೆ ಎಲ್ಲರೂ ಸೇರಿ ಅವರನ್ನು ಸಮಾಧಾನ ಮಾಡುತ್ತಾರೆ. ರೂತ್ ಬಳಿ ಕ್ಷಮೆ ಕೇಳಿದೆ. ಹೇಳಿ, ಯಾರೂ ಅಡ್ಡ ಬರುವುದಿಲ್ಲ ಎಂದೆ.

ರೂತ್ ಆ ಹಾಳೆ ಎತ್ತಿಕೊಂಡು ಟೀಚರ್ ಓದುವ ಹಾಗೆ ನಿಧಾನವಾಗಿ ಓದಿದರು. ಷರತ್ತಿನ ಕೊನೆಯಲ್ಲಿ ಒಂದು ವಿನಾಯಿತಿ ಇತ್ತು. ಮಾಲೀಕರ ಮನೆಯಲ್ಲಿ ಕೆಲಸಕ್ಕಿರುವ ಆಳುಗಳಿಗೆ ಇದು ಅನ್ವಯಿಸುವುದಿಲ್ಲ. ಆ ಕಾಲದ ಇಂಥ ಎಷ್ಟೋ ಪತ್ರಗಳಲ್ಲಿ ಈ ಸಾಲು ಇರುತ್ತಿತ್ತು. ರೂತ್ ಅಲ್ಲಿ ಬೆರಳಿಟ್ಟರು.

"ನೀನು ಈ ಸಾಲು ಓದಿದೆಯಾ ಕ್ಯಾರಲ್? ಇದರ ಪ್ರಕಾರ ನಮ್ಮಮ್ಮ ನಿಮ್ಮ ಮನೆ ಒಳಗೆ ಬರಬಹುದಿತ್ತು. ಅಡುಗೆ ಮಾಡೋಕೆ, ನಿನಗೆ ಸ್ನಾನ ಮಾಡಿಸೋಕೆ. ಅವಳು ಅಂಥ ಮನೆಗಳಲ್ಲೇ ದುಡಿದು ನನ್ನ ಓದಿಸಿದ್ದು. ನಿನಗೆ ಈ ಕಾಗದ ಮೊನ್ನೆ ಸಿಕ್ಕಿತು. ನಮ್ಮಪ್ಪ ಅಮ್ಮ ಇದನ್ನ ಕಣ್ಣಲ್ಲಿ ನೋಡದೆಯೇ ಜೀವನ ಪೂರ್ತಿ ಇದರ ಪ್ರಕಾರ ನಡೆದರು."

ಕ್ಯಾರಲ್ "ಆದರೆ" ಎಂದು ಬಾಯಿ ತೆರೆದರು. ನಾನು ಕೈ ಎತ್ತಿ ತಡೆದೆ. ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕ್ಯಾರಲ್ ಕೇಳಿದರು: "ನಿಮ್ಮಪ್ಪ ಮನೆ ಕೊಳ್ಳೋಕೆ ಪ್ರಯತ್ನ ಮಾಡಿದ್ರಾ?"

ಇಪ್ಪತ್ತಾರು ವರ್ಷದಲ್ಲಿ ಈ ಪ್ರಶ್ನೆ ಬಂದದ್ದು ಅದೇ ಮೊದಲು ಎಂದು ಇಬ್ಬರೂ ಹೇಳಿದರು. ಇಬ್ಬರ ಅಪ್ಪಂದಿರೂ ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರು. ಸೈನಿಕರಿಗೆ ಮನೆ ಸಾಲ ಸುಲಭವಾಗಿ ಸಿಗಲಿ ಎಂದು ಸರ್ಕಾರ 1944ರಲ್ಲಿ ಕಾನೂನು ಮಾಡಿತ್ತು. ಆದರೆ ಸಾಲ ಕೊಡಬೇಕಾದದ್ದು ಬ್ಯಾಂಕುಗಳು. ಕ್ಯಾರಲ್ ತಂದೆಗೆ ಸಿಕ್ಕಿತು, ರೂತ್ ತಂದೆಗೆ ಸಿಗಲಿಲ್ಲ. ಅವರು ಮಿಲ್ ಕ್ರೀಕ್ ವ್ಯಾಲಿಯಲ್ಲಿ ಬಾಡಿಗೆಗೆ ಇದ್ದರು. 1959ರಲ್ಲಿ ನಗರದವರು ಆ ಬಡಾವಣೆಯನ್ನೇ ಕೆಡವಲು ಶುರು ಮಾಡಿದರು. ಸುಮಾರು 20,000 ಜನ ಎದ್ದು ಹೋಗಬೇಕಾಯಿತು, ಹೆಚ್ಚುಕಮ್ಮಿ ಎಲ್ಲರೂ ಕಪ್ಪು ಜನ. ಆಗ ರೂತ್‌ಗೆ ಐದು ವರ್ಷ. ಮನೆ ಮುಂದಿನ ಮೆಟ್ಟಿಲ ಮೇಲೆ ಕೂತು ಪಕ್ಕದ ಮನೆ ಬೀಳುವುದನ್ನು ನೋಡಿದ್ದು ಅವರಿಗೆ ನೆನಪಿದೆ.

ಕ್ಯಾರಲ್‌ಗೆ ನಾನು ಕೊಟ್ಟ ಸಲಹೆ ಇದು. ರೂತ್ ಹೇಳುವಾಗ ನಿಮ್ಮ ಅಪ್ಪನ ಪರವಾಗಿ ವಾದ ಮಾಡಬೇಡಿ. ನಿಮ್ಮ ಅಪ್ಪ ಒಳ್ಳೆಯವರೇ ಇರಬಹುದು. ಒಳ್ಳೆಯವರಿಗೂ ಆ ಷರತ್ತಿನಿಂದ ಲಾಭವಾಗಿದೆ, ಆ ಲಾಭದ ಮನೆ ಈಗ ನಿಮ್ಮ ಕೈಯಲ್ಲಿದೆ. ಅಳು ಬಂದರೆ ಅಳಿ, ಆದರೆ ರೂತ್ ಸಮಾಧಾನ ಮಾಡಲಿ ಎಂದು ಕಾಯಬೇಡಿ. ಈ ಇತಿಹಾಸವನ್ನು ರೂತ್ ಬಾಯಿಂದಲೇ ಕಲಿಯಬೇಕಾಗಿಲ್ಲ, ಲೈಬ್ರರಿಯಲ್ಲಿ ಸಿಗುತ್ತದೆ. ಅವರ ಅಪ್ಪನ ಕಥೆ ಮಾತ್ರ ಅವರಲ್ಲೇ ಇದೆ. ಅದನ್ನು ಕೇಳಿ. ಬಣ್ಣ ನೋಡಲಿಲ್ಲ ಎಂಬ ಮಾತನ್ನು ದಯವಿಟ್ಟು ಬಿಡಿ. ಅದನ್ನು ಕೇಳಿದಾಗ ರೂತ್‌ಗೆ ತನ್ನ ಅರ್ಧ ಬದುಕನ್ನೇ ನೀವು ನೋಡಲಿಲ್ಲ ಅನಿಸುತ್ತದೆ.

ರೂತ್‌ಗೆ ಹೇಳಿದ್ದು ಕಡಿಮೆ. ಕ್ಯಾರಲ್‌ರನ್ನು ಕ್ಷಮಿಸಿಬಿಡಿ ಎಂದು ನಾನು ಹೇಳಲಿಲ್ಲ. ಹೇಳುವುದೂ ಇಲ್ಲ. ಸುಮ್ಮನಾಗುವ ಬದಲು "ಇವತ್ತು ನನಗೆ ಇದರ ಮಾತು ಬೇಡ" ಎಂದು ಹೇಳಿ ನೋಡಿ ಎಂದೆ, ಅಷ್ಟೇ.

ಸಲಹೆಯಲ್ಲಿ ಸಮತೋಲ ಇಲ್ಲ ಎಂದು ನನ್ನ ಜೊತೆ ಕೆಲಸ ಮಾಡುವವರೊಬ್ಬರು ಆಕ್ಷೇಪ ಎತ್ತಿದರು. ಇಬ್ಬರೂ ಅರ್ಧರ್ಧ ಬಗ್ಗಬೇಕು ಅನ್ನುವುದು ಅವರ ವಾದ. ನಾನು ಒಪ್ಪುವುದಿಲ್ಲ. ರೂತ್ ಇಪ್ಪತ್ತಾರು ವರ್ಷ ಬಗ್ಗಿಯೇ ನಡೆದಿದ್ದಾರೆ. ಸ್ಟಾಫ್ ರೂಮಿನಲ್ಲಿ ನುಂಗಿದ ಮಾತುಗಳನ್ನು ಅವರು ಆಮೇಲೆ ಒಂದೊಂದಾಗಿ ಹೇಳಿದರು. ಹೊರೆ ಒಬ್ಬರ ತಲೆ ಮೇಲೇ ಇರುವಾಗ ಇಬ್ಬರಿಗೂ ಒಂದೇ ಸಲಹೆ ಕೊಟ್ಟರೆ ಹೊರೆ ಅಲ್ಲೇ ಉಳಿಯುತ್ತದೆ.

ಇದನ್ನು ಕನ್ನಡದಲ್ಲಿ ಬರೆಯುವುದಕ್ಕೂ ಕಾರಣ ಇದೆ. ಈ ಊರಿಗೆ ಬರುವ ನಮ್ಮವರು ಮೊದಲ ವಾರವೇ ಕಲಿಯುವ ಮಾತು, ಡೆಲ್ಮಾರ್ ರಸ್ತೆಯ ಉತ್ತರಕ್ಕೆ ಮನೆ ನೋಡಬೇಡಿ ಎಂಬುದು. ಆ ರಸ್ತೆಯ ಉತ್ತರಕ್ಕೆ ಹೆಚ್ಚಾಗಿ ಕಪ್ಪು ಜನ, ದಕ್ಷಿಣಕ್ಕೆ ಹೆಚ್ಚಾಗಿ ಬಿಳಿಯರು. ಆ ಗೆರೆ ಹೇಗೆ ಬಂತು ಎಂದು ಯಾರೂ ಹೇಳಿಕೊಡುವುದಿಲ್ಲ. ಅಮೆರಿಕದ ಬಾಗಿಲು ನಮಗೆ ಅಗಲವಾಗಿ ತೆರೆದದ್ದು 1965ರ ವಲಸೆ ಕಾನೂನಿನಿಂದ. ಕಪ್ಪು ಜನರ ಹೋರಾಟ ಆ ಹೊತ್ತಿಗೆ ದೇಶವನ್ನು ಅಲುಗಾಡಿಸಿರದಿದ್ದರೆ ಅದು ಬರುವುದು ಕಷ್ಟವಿತ್ತು. ಬಾಡಿಗೆ ಮನೆ ಕೇಳಲು ಹೋದರೆ "ನೀವು ಯಾವ ಜನ?" ಎಂದು ಕೇಳುವ ಊರಿನಿಂದ ಬಂದವಳು ನಾನು. ಆ ಪ್ರಶ್ನೆಗೆ ನಮ್ಮ ಮನೆಯವರು ಸಲೀಸಾಗಿ ಉತ್ತರ ಹೇಳುತ್ತಿದ್ದರು. ರೂತ್ ಆ ಸಾಲಿನ ಮೇಲೆ ಬೆರಳಿಟ್ಟಾಗ ನನಗೆ ಅದೂ ನೆನಪಾಯಿತು.

ಇಬ್ಬರ ನಡುವೆ ಎಲ್ಲ ಸರಿಹೋಗಿದೆ ಎಂದು ಹೇಳಲಾರೆ. ಕೆಲವು ವಾರ ರೂತ್ ಫೋನ್ ಎತ್ತುವುದಿಲ್ಲ. ಕ್ಯಾರಲ್ ಅದನ್ನು ತಡೆದುಕೊಳ್ಳಲು ಕಲಿಯುತ್ತಿದ್ದಾರೆ. ಕಳೆದ ತಿಂಗಳು ರೂತ್ ತಾವಾಗಿಯೇ ಅವರನ್ನು ಮಿಲ್ ಕ್ರೀಕ್ ಇದ್ದ ಜಾಗಕ್ಕೆ ಕರೆದುಕೊಂಡು ಹೋದರು. ಈಗ ಅಲ್ಲಿ ಹೆದ್ದಾರಿ ಇದೆ, ಕಾಲೇಜು ಕಟ್ಟಡಗಳಿವೆ. ಆ ಮೆಟ್ಟಿಲು ಎಲ್ಲಿತ್ತು ಎಂದು ರೂತ್‌ಗೇ ಗುರುತು ಹತ್ತಲಿಲ್ಲವಂತೆ. ಇಬ್ಬರೂ ಕಾರಿನಿಂದ ಇಳಿದು, ಕತ್ತಲಾಗುವವರೆಗೆ ಹುಡುಕಿದರಂತೆ.