ಬೋರ್ಡ್ ನೋಡಿ ವಾಪಸ್ ಬರಬೇಡಿ

ಜಯನಗರದ ಕ್ಲಿನಿಕ್ಕಿನ ಬೋರ್ಡಿನಲ್ಲಿ ‘ಚರ್ಮ ಮತ್ತು ಗುಪ್ತರೋಗ ತಜ್ಞರು’ ಅಂತ ಓದಿ ನಿಮ್ಮಮ್ಮ ಮೆಟ್ಟಿಲು ಹತ್ತಲಿಲ್ಲ, ಅಂಗಾಲಿನ ಕಪ್ಪು ಮಚ್ಚೆಗೆ ಬೇರೆ ಡಾಕ್ಟರಿಲ್ಲವೇ ಅಂತ ಕೇಳಿದ್ದೀರಿ. ತೋರಿಸಬೇಕಾದ್ದು ಅವರಿಗೇ.

ಚರ್ಮ, ಗುಪ್ತರೋಗ ಎರಡೂ ಒಬ್ಬರ ಕೈಗೆ ಬಂದದ್ದಕ್ಕೆ ಕಾರಣವಿದೆ. ಸಿಫಿಲಿಸ್ ಅನ್ನೋ ಗುಪ್ತರೋಗ ಬಂದವರ ಅಂಗೈ, ಅಂಗಾಲಲ್ಲೂ ದದ್ದು ಏಳುತ್ತವೆ, ಕಣ್ಣಿಗೆ ಬೀಳೋದು ಚರ್ಮದ ಡಾಕ್ಟರಿಗೆ. 1872ರಲ್ಲಿ ವಿಯೆನ್ನಾದ ಚರ್ಮವೈದ್ಯ ಮೊರಿಟ್ಸ್ ಕಪೋಸಿ ವಿವರಿಸಿದ, ಚರ್ಮದ ಮೇಲೆ ಏಳುವ ನೇರಳೆ ಗಂಟುಗಳ ಕ್ಯಾನ್ಸರಿಗೆ ಇವತ್ತಿಗೂ ಅವರದೇ ಹೆಸರು. 1994ರಲ್ಲಿ ಯುವಾನ್ ಚಾಂಗ್, ಪ್ಯಾಟ್ರಿಕ್ ಮೂರ್ ದಂಪತಿ ಅದರ ಹಿಂದಿನ ವೈರಸ್ಸನ್ನು ಪತ್ತೆಹಚ್ಚಿದರು. ಎಂಜಲಿನಿಂದಲೂ ಲೈಂಗಿಕ ಸಂಪರ್ಕದಿಂದಲೂ ಹರಡುವಂಥದ್ದು ಅದು.

ಅಮ್ಮನಿಗೆ ಇದನ್ನು ಮಾತ್ರ ಬಿಡಿಸಿ ಹೇಳಿ: ಇಂಥ ಕಪ್ಪು ಮಚ್ಚೆಯಲ್ಲಿ ಡಾಕ್ಟರು ಹುಡುಕೋದು ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರನ್ನು, ಅದು ಅಂಟುರೋಗವಲ್ಲ. ನಮ್ಮ ಮೈಬಣ್ಣದವರಲ್ಲಿ ಅದು ಅಂಗಾಲಲ್ಲಿ, ಉಗುರಿನ ಅಡಿಯಲ್ಲೇ ಹೆಚ್ಚು. ನಮ್ಮ ದೊಡ್ಡಪ್ಪ ಆಣಿ ಅಂದುಕೊಂಡು ಎಂಟು ತಿಂಗಳು ಬ್ಲೇಡಲ್ಲಿ ಕೆರೆದುಕೊಂಡರು. ಆ ಎಂಟು ತಿಂಗಳು ನೆನೆದರೆ ಇವತ್ತಿಗೂ ಸಂಕಟವಾಗುತ್ತೆ. ಮಚ್ಚೆಯ ಅಂಚು ಅಂಕುಡೊಂಕಾಗಿ, ಬಣ್ಣ ಒಂದೇ ಸಮ ಇಲ್ಲದೆ, ದೊಡ್ಡದಾಗ್ತಾ ಇದ್ದರೆ ಬಯಾಪ್ಸಿ (ಚೂರು ಚರ್ಮ ತೆಗೆದು ಪರೀಕ್ಷೆ) ಮಾಡಿಸ್ತಾರೆ, ಹೆದರಬೇಡಿ. ಮುಂದೆ ಬೇಕಾದರೆ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ.

ಈ ವಾರವೇ ಹೋಗಿ. ಅಲ್ಲಿವರೆಗೆ ಕಾಲಿಗೆ ಅರಿಶಿನ, ಮದರಂಗಿ ಬೇಡ, ಮಚ್ಚೆಯ ನಿಜವಾದ ಬಣ್ಣ ಡಾಕ್ಟರಿಗೆ ಕಾಣಬೇಕು.